ಶುಕ್ರ ಎದುರಿಗಿದ್ದಾಗ

೧೫ ಏಪ್ರಿಲ್ ೨೦೧೨, ಭಾನುವಾರ

ಬಿಸುವಿನ ಮರುದಿನ. ಸಂಜೆ ಗೇಟಿನ ಹೊರಗಿಂದಲೇ ‘ಹ್ವಾಯ್ ಟೀಚ್ರೇ, ಇದ್ರ್ಯಾ?’ ಎಂಬ ಕೂಗು. ಬಾಣಂತನಕ್ಕೆ ಬಂದಿರುವ ನನ್ನ ತಂಗಿಯ ಮಗಳು ಪೂಜಿತಾಳ ಅತ್ತೆ ಗುಲಾಬಿಯಕ್ಕ. ಬೈಂದೂರಿನಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಬಂದಿದ್ದರು. ಬಾಣಂತಿಗೆ ಹಾಲು ಹೆಚ್ಚಲೆಂದು ತಾಟೆ ಮೀನು, ಮಗುವಿಗೆ ಎರಡು ಹತ್ತಿ ಅಂಗಿ. ಅವರು ಕೂತ ಕುರ್ಚಿಯಲ್ಲಿ ಮೀನಿನ ವಾಸನೆ ಇನ್ನೂ ಇದೆ. ನಾನೂ ಗಂಗೊಳ್ಳಿಯ ಮೀನುಗಾರನ ಮಗಳೇ. ಆದರೂ ಎಂ.ಎ. ಮಾಡಿ ಕಾಲೇಜಿನಲ್ಲಿ ಇಷ್ಟು ವರ್ಷ ಕಾವ್ಯ ಪಾಠ ಹೇಳಿ ಮೂಗು ಬೇರೆಯಾಗಿಬಿಟ್ಟಿದೆ.

ಚಹಾ ಕುಡಿದು ವಿಷಯಕ್ಕೆ ಬಂದರು. ‘ಬಪ್ಪು ವಾರ ಮಗಿನ್ ಕರ್ಕಂಡ್ ಹೋತೆ ಟೀಚ್ರೇ. ಮೂರ್ ತಿಂಗ್ಳ್ ಆಯ್ಲಿ ಅಂದೇಳಿ ಇದ್ದಿತ್ತ್. ಇವ್ರಿಗೆ ಉಬ್ಬಸ ಜಾಸ್ತಿ ಆಯ್ತ್. ಮೊಮ್ಮಗಳ್ನ್ ಒಂದ್ಸಲ ಕೈಯಂಗ್ ಹಿಡ್ಕಣ್ಕ್ ಅಂತ್ರ್.’

ಮಗುವಿಗೆ ಒಂದೂವರೆ ತಿಂಗಳು. ಈ ಮನೆಗೆ ತೊಟ್ಟಿಲು ಬಂದದ್ದು ಇದೇ ಮೊದಲು. ತಂಗಿ ತೀರಿಕೊಂಡು ಪೂಜಿತಾ ನನ್ನ ಕೈಗೆ ಬಂದಾಗ ಅವಳಿಗೆ ನಾಲ್ಕು ವರ್ಷ, ತೊಟ್ಟಿಲು ಬೇಕಿರಲಿಲ್ಲ.

ಅಂಗಳಕ್ಕೆ ಬಂದೆವು. ಪಶ್ಚಿಮದಲ್ಲಿ ಶುಕ್ರ, ತೆಂಗಿನ ಗರಿಗಳ ಮೇಲೆ, ಯಾರೋ ಈಗಷ್ಟೇ ಹಚ್ಚಿಟ್ಟ ಹಾಗೆ. ಗುಲಾಬಿಯಕ್ಕ ಸೆರಗು ತಲೆಗೆಳೆದುಕೊಂಡು ಮುಖ ತಿರುಗಿಸಿದರು. ‘ಕಾಂಬುಕಾಗ ನಂಗೆ ಅವ್ನ. ನನ್ ಮೊದಲ್ನೇ ಹೆಣ್ ಇತ್ತಲ್ದಾ, ತವರಿಂದ ಪಡುವಣಕ್ಕೆ ಕರ್ಕಂಡ್ ಬಪ್ಪತಿಗೆ ಅವ ಹೀಂಗೇ ಎದುರಿಗಿದ್ದಿದ್ದ. ಯಾರೂ ಹೇಳ್ಲಿಲ್ಲೆ. ವಾರ ಉಳಿಲಿಲ್ಲೆ ಮಗು.’

ಬಾಣಂತಿ, ಹಸುಗೂಸು ಶುಕ್ರ ಕಾಣುವ ದಿಕ್ಕಿಗೆ ಪ್ರಯಾಣ ಮಾಡಬಾರದು ಎಂಬುದು ನನ್ನ ಅಜ್ಜಿಯ ಮಾತೂ ಆಗಿತ್ತು. ಗ್ರಹಚಾರವೆಂದರೆ ತರಗತಿಯಲ್ಲಿ ಮಕ್ಕಳನ್ನು ನಗಿಸುವವಳು ನಾನು. ಸುಮ್ಮನಿರಬಹುದಿತ್ತು. ‘ಈಗ್ಳೂ ಎದುರೇ ಇದ್ದ ಅಲ್ದಾ ಗುಲಾಬಿಯಕ್ಕ’ ಎಂದೆ.

ಅವರು ಗಾಬರಿಯಾದರು. ‘ಬೈಂದೂರ್ ಬಡಗಿಗಲ್ದಾ? ಅವ ಪಡುವಣದಂಗಿದ್ದ.’

‘ಬೇಸಿಗೆಯಂಗೆ ಅವ ಸೀದಾ ಪಡುವಣಕ್ಕೆ ಕಂತುದಿಲ್ಲೆ. ಬಡಗಿಗೆ ವಾಲ್ತ.’

ಅದು ಸುಳ್ಳಲ್ಲ. ವಾಲುತ್ತಾನೆ. ಆದರೆ ಎಷ್ಟು ವಾಲಿದರೂ ಅವನಿರುವುದು ಪಶ್ಚಿಮದಲ್ಲೇ, ಬೈಂದೂರಿರುವುದು ಉತ್ತರಕ್ಕೆ; ಬಡಗು ಬಡಗೇ.

‘ಹಾಂಗಾರೆ ಈಗ ಬ್ಯಾಡ’ ಎಂದರು. ‘ಭಟ್ರಾರೆ ದಕ್ಷಿಣೆಗೆ ಹೇಳ್ತ್ರ್. ನೀವ್ ಓದ್ದೋರ್.’

ಅವರು ಬಸ್ಸಿಗೆ ಹೋದ ಮೇಲೆ ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡೆ. ಇನ್ನೂ ಕೆಲವು ದಿನ. ಶುಕ್ರ, ನಿನಗೊಂದು ವಂದನೆ. ನಿನ್ನ ಮೇಲೆ ಎಷ್ಟು ಕವಿತೆ ಓದಿದ್ದೇನೆ, ಇಷ್ಟಾದರೂ ಉಪಕಾರ ಮಾಡು.

೧೮ ಏಪ್ರಿಲ್, ಬುಧವಾರ

ಪೂಜಿತಾ ಕೇಳಿದಳು: ‘ದೊಡ್ಡಮ್ಮ, ನೀವ್ ಇದನ್ನೆಲ್ಲ ನಂಬ್ತ್ರ್ಯಾ?’

‘ನಾನ್ ನಂಬುದಿಲ್ಲೆ. ನಿನ್ ಅತ್ತೆ ನಂಬ್ತ್ರ್.’

ಅವಳು ಮಗುವಿನ ಬಟ್ಟೆ ಮಡಿಸತೊಡಗಿದಳು. ಗಂಡ ನಿತೇಶ್ ಮಲ್ಪೆಯಿಂದ ಬೋಟಿನಲ್ಲಿ ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ಮಳೆಗಾಲದ ರಜೆಗೆ ಮುಂಚಿನ ಕೊನೆಯ ಮೀನು. ಅವನಿಲ್ಲದ ಮನೆಗೆ ಹೋಗಿ ಇವಳೇನು ಮಾಡುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಾಲೇಜಿಗೆ ಹೋಗಿದ್ದೆ. ಫಿಸಿಕ್ಸ್ ಲೆಕ್ಚರರ್ ಗುಣಪಾಲರನ್ನು, ಶುಕ್ರ ಎಷ್ಟು ದಿನ ಸಂಜೆ ಕಾಣುತ್ತಾನೆ ಎಂದು ಕೇಳಿದೆ. ‘ಎಂತ ಮೇಡಂ, ಕವಿತೆಯವ್ರಿಗೆ ಗ್ರಹದ ಮೇಲೆ ಮನಸ್ಸ್ ಬಂತ್?’ ಎಂದು ನಕ್ಕರು. ಆಮೇಲೆ ಬೋರ್ಡಿನ ಮೇಲೆ ಚಿತ್ರ ಬರೆದೇ ಹೇಳಿದರು. ಮೇ ಕೊನೆಯ ತನಕ ಪಶ್ಚಿಮದಲ್ಲಿ, ದಿನದಿಂದ ದಿನಕ್ಕೆ ಕೆಳಗೆ. ಜೂನ್ ಆರಕ್ಕೆ ಸರಿಯಾಗಿ ಸೂರ್ಯನ ಮುಖದ ಮೇಲೆ ಹಾದು ಹೋಗುತ್ತಾನೆ. ಆಮೇಲೆ ಪೂರ್ವದಲ್ಲಿ, ಬೆಳಗಿನ ಜಾವ. ‘ಈ ಸಲ ತಪ್ಪಿದ್ರೆ ಮತ್ತೆ ನೂರೈದ್ ವರ್ಷ. ನೀವೂ ಇಲ್ಲೆ, ನಾನೂ ಇಲ್ಲೆ.’

ಜೂನ್ ಆರು. ಕಾಲೇಜು ಶುರುವಾಗುವುದೂ ಆಗಲೇ.

೨೯ ಏಪ್ರಿಲ್, ಭಾನುವಾರ

ದಿನಾ ಸಂಜೆ ಮಗುವನ್ನು ತೋಳಲ್ಲಿಟ್ಟುಕೊಂಡು ಟೆರೇಸಿಗೆ ಹೋಗುವುದು ರೂಢಿಯಾಗಿದೆ. ಸೂರ್ಯ ಮುಳುಗುವ ಮೊದಲೇ ಅವನು ಕಾಣುತ್ತಾನೆ, ಹುಡುಕುವ ಕಣ್ಣಿಗೆ. ಅಪ್ಪನಿಗೆ ಅವನು ಬೆಳ್ಳಿ. ‘ಬೆಳ್ಳಿ ಮೂಡ್ತ್, ಏಳಿ’ ಎಂದು ದೋಣಿಯವರನ್ನು ಎಬ್ಬಿಸುತ್ತಿದ್ದದ್ದು ನೆನಪಿದೆ. ಬೆಳಗಿನ ಬೆಳ್ಳಿಯೂ ಸಂಜೆಯ ಶುಕ್ರನೂ ಒಂದೇ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ನನಗೂ ಹೈಸ್ಕೂಲಿನ ತನಕ ಗೊತ್ತಿರಲಿಲ್ಲ.

ಗುಣಪಾಲ ಕೊಟ್ಟ ಪುಸ್ತಕದಲ್ಲಿದೆ: ಅಲ್ಲಿ ಒಂದು ಹಗಲು ರಾತ್ರಿ ಮುಗಿಯಲು ನಮ್ಮ ನಾಲ್ಕು ತಿಂಗಳು ಬೇಕು. ಎಂದೂ ಚೆದುರದ ಮೋಡ, ಒಳಗೆ ಸೀಸ ಕರಗುವ ಸೆಕೆ. ನಾವು ನೋಡುವ ಹೊಳಪು ಆ ಮೋಡದ್ದು. ಮುಖವನ್ನು ಯಾರೂ ಇಲ್ಲಿಂದ ಕಂಡಿಲ್ಲ.

ಗುಲಾಬಿಯಕ್ಕ ಫೋನ್ ಮಾಡಿದ್ದರು. ‘ಇವ್ರ್ ಈಗ ಎದ್ದ್ ಕೂಕಂಬುಕೂ ಆತಿಲ್ಲೆ ಟೀಚ್ರೇ. ನಿತೇಶ ಮೊಬೈಲಂಗ್ ಫೋಟೋ ತೋರ್ಸಿದ್ದ. ಫೋಟೋಕ್ಕೆ ಮೈ ಬಿಸಿ ಇತ್ತಾ ಮಾರಾಯ್ತಿ, ಅಂತ್ರ್.’

ಇನ್ನೊಂದು ತಿಂಗಳು ಎಂದೆ. ‘ಆಯ್ಲಿ. ಒಂದ್ ಕಳ್ಕಂಡದ್ದ್ ಸಾಕ್’ ಎಂದರು.

ಇದನ್ನು ಬರೆದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಕೆಮ್ಮುವ ಮುದುಕರಿರುವ ಸಣ್ಣ ಮನೆ, ಸಮುದ್ರದ ಗಾಳಿ, ಎರಡು ತಿಂಗಳ ಕೂಸು. ಡಾಕ್ಟರರನ್ನು ಕೇಳಿದರೂ ಬೇಡ ಎನ್ನುತ್ತಿದ್ದರೇನೋ. ಕೇಳಿಲ್ಲ.

೧೨ ಮೇ, ಶನಿವಾರ

ಗುಣಪಾಲರ ಬೈನಾಕ್ಯುಲರ್ ತಂದೆ. ಟೆರೇಸಿನ ಗೋಡೆಗೆ ಮೊಣಕೈ ಊರಿ ನೋಡಿದರೆ, ಅದು ಚುಕ್ಕಿಯಲ್ಲ, ಗೆರೆ! ಬಿದಿಗೆಯ ಚಂದ್ರನಂತೆ ಬಾಗಿದ ಬೆಳಕಿನ ಗೆರೆ. ಕೂಗಿಬಿಟ್ಟೆ. ಪೂಜಿತಾ ಓಡಿ ಬಂದು ನೋಡಿದಳು. ‘ಅಯ್ಯೋ, ಶುಕ್ರಂಗೂ ಅಮಾಸೆ ಇತ್ತಾ!’ ಎಂದಳು. ತುಂಬ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು. ಮಗು ನಮ್ಮ ನಗು ಕೇಳಿ ತಾನೂ ಬೊಚ್ಚುಬಾಯಿ ತೆರೆಯಿತು.

ಹತ್ತಿರ ಬಂದಷ್ಟೂ ಅವನು ಬೆಳಕಿರುವ ಮಗ್ಗುಲನ್ನು ನಮ್ಮಿಂದ ಆಚೆ ತಿರುಗಿಸುತ್ತಾನೆ. ತೀರ ಹತ್ತಿರ ಬಂದಾಗ ನಮ್ಮ ಕಡೆಗಿರುವುದು ಪೂರ್ತಿ ಕತ್ತಲ ಮುಖ. ಇದರ ಮೇಲೊಂದು ಕವಿತೆ ಬರೆಯಬಹುದು ಎನ್ನಿಸಿತು.

ಕೆಳಗಿಳಿಯುವಾಗ ಪೂಜಿತಾ ಮೆಲ್ಲಗೆ, ‘ಮಾವನ್ನ ಕಂಡ್ಕಂಡ್ ಬಪ್ಪನಾ ದೊಡ್ಡಮ್ಮ, ಒಂದಿನಕ್ಕೆ?’ ಎಂದಳು.

‘ನಿನ್ ಅತ್ತೆಯೇ ಬ್ಯಾಡ ಅಂದ್ರಲೆ’ ಎಂದೆ.

ಕವಿತೆ ಬರೆಯಲಿಲ್ಲ.

೨೦ ಮೇ, ಭಾನುವಾರ

ನಿತೇಶ್ ಬಂದಿದ್ದ. ಮಗುವನ್ನು ಎತ್ತಿಕೊಂಡು ಒಂದು ಗಂಟೆ ಕೂತ. ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತ, ಮುಖ ಎತ್ತದೆ, ‘ಅಪ್ಪಯ್ಯಂಗೆ ದಿನ ಕಡಿಮಿ ಅಂತ ಡಾಕ್ಟ್ರ್ ಹೇಳ್ರ್’ ಎಂದ. ಮತ್ತೆ, ‘ಅಮ್ಮ ನಿಮ್ ಮಾತ್ ಬಿಟ್ಟ್ ಒಂದ್ ಹೆಜ್ಜಿ ಇಡುದಿಲ್ಲೆ ದೊಡ್ಡಮ್ಮ. ನೀವ್ ಹೇಳ್ರೆ...’

ನಾನು ಹೇಳಬೇಕಿತ್ತು. ‘ಹದಿನೈದು ದಿನ ತಾನೇ’ ಎಂದೆ.

ಇದಕ್ಕೂ ಒಂದು ಕಾರಣ ಬರೆದುಕೊಳ್ಳೋಣವೆಂದರೆ ಹೊಳೆಯುತ್ತಿಲ್ಲ.

೨೪ ಮೇ, ಗುರುವಾರ

ಮಂಗಳವಾರದಿಂದ ಪಶ್ಚಿಮದಲ್ಲಿ ಮೋಡ. ಅರಬ್ಬಿ ಸಮುದ್ರದ ಮೇಲೆ ಬೂದಿ ಬಣ್ಣದ ಗೋಡೆ. ಸಂಜೆ ಗುಲಾಬಿಯಕ್ಕನ ಫೋನ್, ಯಾವತ್ತಿಗಿಂತ ಗೆಲುವಾಗಿ.

‘ಟೀಚ್ರೇ, ಎರಡ್ ದಿನ ಆಯ್ತ್, ಶುಕ್ರ ಕಾಂತಿಲ್ಲೆ! ಕಂತಿತಾ ಹ್ಯಾಂಗೆ?’

ಹೌದು ಎನ್ನಬಹುದಿತ್ತು. ಒಂದು ಅಕ್ಷರವೂ ಬದಲಿಸದೆ, ಅವರ ಮಾತಿಗೆ ಹ್ಞೂಂ ಎಂದರೆ ಮುಗಿಯುತ್ತಿತ್ತು. ಆದರೆ ಒಂದು ತಿಂಗಳಿಂದ ನೋಡಿ ನೋಡಿ ನನಗೆ ಅವನ ಜಾಗ ಗೊತ್ತಿತ್ತು. ಗೊತ್ತಿದೆ ಎನ್ನುವುದನ್ನು ತೋರಿಸಿಕೊಳ್ಳುವ ಚಪಲ.

‘ಇಲ್ಲೆ ಗುಲಾಬಿಯಕ್ಕ. ಅದ್ ಮೋಡ. ಮೋಡದ್ ಹಿಂದೆ ಅವ ಇದ್ದ. ಕಂತುಕೆ ಇನ್ನೂ ಒಂದ್ ಹತ್ ದಿನ ಇತ್ತ್.’

 ಆಮೇಲೆ ಫೋನಿನಿಂದ ಬಾಯಿ ತೆಗೆದು ಅವರು ಯಾರಿಗೋ ಹೇಳಿದ್ದು ಕೇಳಿಸಿತು: ‘ಇನ್ನೂ ಇತ್ತಂಬ್ರ್.’ ಅಲ್ಲಿ ಯಾರೋ ಕೆಮ್ಮಿದರು.

ಯಾರೆಂದು ನಾನು ಕೇಳಲಿಲ್ಲ.

೨೭ ಮೇ, ಭಾನುವಾರ

ಪೂಜಿತಾಳ ಮಾವ ರತ್ನಾಕರಣ್ಣ ಬೆಳಿಗ್ಗೆ ಹೋಗಿಬಿಟ್ಟರು.

ಪೂಜಿತಾ ಅತ್ತೂ ಅತ್ತೂ ಮಗುವಿಗೆ ಹಾಲು ಕೊಡಲೂ ಮರೆತಳು. ಹೊರಡುತ್ತೇನೆಂದು ಚೀಲ ತುಂಬಿದಳು. ಅಷ್ಟರಲ್ಲಿ ಗುಲಾಬಿಯಕ್ಕನೇ ಹೇಳಿಕಳುಹಿಸಿದ್ದರು: ಸಾವಿನ ಮನೆಗೆ ಹಸುಗೂಸು ಬೇಡ, ಉತ್ತರಕ್ರಿಯೆಯ ಬೊಜ್ಜ ಮುಗಿಯಲಿ, ಶುಕ್ರನೂ ಇದ್ದಾನೆ. ಪೂಜಿತಾ ಚೀಲದಿಂದ ಬಟ್ಟೆ ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟಳು. ನನ್ನ ಕಡೆ ನೋಡಲಿಲ್ಲ.

೨೮ ಮೇ, ಸೋಮವಾರ

ನಿನ್ನೆ ಮಧ್ಯಾಹ್ನ ಒಬ್ಬಳೇ ಹೋಗಿ ರಾತ್ರಿ ಬಂದೆ. ಇವತ್ತು ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕಿತು. ಹೆಮ್ಮಾಡಿ, ತ್ರಾಸಿ, ಮರವಂತೆ. ಮರವಂತೆಯಲ್ಲಿ ಸಮುದ್ರ ರಸ್ತೆಯ ಪಕ್ಕಕ್ಕೇ ಬಂದಾಗ ಬಿಸಿಲು ನನ್ನ ಎಡಗೆನ್ನೆಗೆ ಬಿತ್ತು. ಮುಂದಿನ ಗಾಜಿಗೆ ಬೀಳುತ್ತದೆಯೇ ಎಂದು ಕಾದೆ. ಒಂದು ತಿರುವಿನಲ್ಲಾದರೂ ಪಡುವಣ ಎದುರು ಬಂದಿದ್ದರೆ ಹಿಡಿದುಕೊಳ್ಳಲು ಏನೋ ಸಿಗುತ್ತಿತ್ತು. ಬೈಂದೂರಿನ ತನಕ ಅದು ನನ್ನ ಎಡಗಡೆಗೇ ಇತ್ತು.

ಮನೆ ಬೈಂದೂರಿಗೆ ತಾಗಿದ ಪಡುವರಿಯಲ್ಲಿ, ಸಮುದ್ರದಿಂದ ಸ್ವಲ್ಪವೇ ಈಚೆ. ರತ್ನಾಕರಣ್ಣನ ಮಂಚ ಪಡುವಣದ ಕಿಟಕಿಗೆ ತಾಗಿ ಇತ್ತು. ಅಲ್ಲೇಕೆ ಇಟ್ಟಿದ್ದು, ಗಾಳಿಗೆ ಉಬ್ಬಸ ಹೆಚ್ಚುವುದಿಲ್ಲವೇ ಎಂದು ಸುಮ್ಮನೆ ಕೇಳಿದೆ. ನಿತೇಶ್ ಹೇಳಿದ:

‘ಅಪ್ಪಯ್ಯನೇ ಇಡ್ಸ್‌ಕಂಡದ್ದ್. ಶುಕ್ರ ಕಂತ್ರೆ ಮಗು ಬತ್ತ್ ಅಲ್ದಾ, ಅದಕ್ಕೆ. ದಿನಾ ಕಾಣುದ್. ನಿನ್ನೆಯಿಂದ ಇವತ್ತಿಗೆ ಇಷ್ಟ್ ಇಳಿತ್ ಅಂತ ಬೆರಳಂಗ್ ಅಳ್ತಿ ತೋರ್ಸುದ್. ಮೋಡ ಆದ್ ದಿನ, ಹೋಯ್ತ್ ಕಾಣ್, ತೊಟ್ಲ್ ತೊಳಿ ಅಂತ ಅಮ್ಮಂಗೆ ಹೇಳ್ರ್. ತೊಳ್ದೂ ಆಯ್ತ್.’

ತೊಟ್ಟಿಲು ಜಗಲಿಯಲ್ಲಿತ್ತು. ಒಣಗಲು ಮಗುಚಿ ಹಾಕಿದ್ದರು.

ಗುಲಾಬಿಯಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ‘ನೀವ್ ಹೇಳಿದ್ದೇ ಒಳ್ಳೇದಾಯ್ತ್ ಟೀಚ್ರೇ. ಇವ್ರ್ ಹೋಪುದ್ ಹೋಪುದೇ. ಮಗಿನ್ ಮೇಲೆ ಬಪ್ಪುದ್ ತಪ್ತ್. ನಿಮ್ ಋಣ ತೀರ್ಸುಕಾತಿಲ್ಲೆ ನಂಗೆ.’

ಕೈ ಬಿಡಿಸಿಕೊಳ್ಳಲಿಲ್ಲ.  ಅವರ ಕೈ ತುಂಬ ಒರಟು.

೩ ಜೂನ್, ಭಾನುವಾರ

ನಿನ್ನೆಯಿಂದ ಆಕಾಶ ತೆರವಿದ್ದರೂ ಶುಕ್ರ ಇಲ್ಲ. ಕಂತಿದ. ಬೈನಾಕ್ಯುಲರ್ ವಾಪಸು ಕೊಟ್ಟೆ.

ಆಚೆಮನೆ ಜಲಜ ಬಂದಿದ್ದಳು. ‘ಹ್ವಾಯ್, ನಮ್ ನವ್ಯಶ್ರೀನ್ ಗಂಡನ್ ಮನಿಗೆ ಕಳ್ಸುಕೆ ಶುಕ್ರ ಎಲ್ಲಿತ್ತ್ ಕಾಣಿ ಒಂಚೂರ್. ಬೈಂದೂರಂಗೆ ಒಂದ್ ಮಗಿನ್ ಉಳ್ಸಿದ್ದೇ ನೀವಂಬ್ರ್!’

‘ನಂಗೆ ಗೊತ್ತಿಲ್ಲೆ ಜಲಜ.’

‘ಎಂತ ಗೊತ್ತಿಲ್ಲೆ? ದಿನಾ ಟೆರೇಸ್ ಮೇಲೆ ದುರ್ಬೀನ್ ಹಿಡ್ಕಂಡ್ ನಿಂತದ್ದ್ ಎಂತ, ಕಾಗಿ ಕಾಂಬುಕಾ? ಬೇಕಾದೋರಿಗ್ ಮಾತ್ರ ಹೇಳುದಾ?’ ಎಂದು ಸಿಟ್ಟಾಗಿ ಹೋದಳು.

ಒಳಗೆ ಪೂಜಿತಾ ಎಲ್ಲ ಕೇಳಿಸಿಕೊಂಡಿದ್ದಳು.

೬ ಜೂನ್, ಬುಧವಾರ

ಕಾಲೇಜಿನ ಮೈದಾನದಲ್ಲಿ ಗುಣಪಾಲ ಟೆಲಿಸ್ಕೋಪು ಹೂಡಿದ್ದರು. ಕಣ್ಣಿಟ್ಟು ನೋಡಬಾರದು, ಬಿಳಿ ರಟ್ಟಿನ ಮೇಲೆ ಸೂರ್ಯನ ಬಿಂಬ ಬೀಳಿಸಿ ನೋಡಬೇಕು. ಬೆಳಿಗ್ಗೆ ಪೂರ್ತಿ ಮಳೆ. ಮಕ್ಕಳು ಕೊಡೆ ಹಿಡಿದು ಟೆಲಿಸ್ಕೋಪನ್ನು ಕಾದರು. ಒಂಬತ್ತು ದಾಟಿದ ಮೇಲೆ ಮೋಡ ಸ್ವಲ್ಪ ಹರಿಯಿತು.

ರಟ್ಟಿನ ಮೇಲೆ ತಟ್ಟೆಯಷ್ಟು ಬೆಳ್ಳಗಿನ ಸೂರ್ಯ. ಅದರ ಅಂಚಿನ ಹತ್ತಿರ ಒಂದು ಕಪ್ಪು ಚುಕ್ಕಿ. ಉದ್ದಿನ ಕಾಳಿನಷ್ಟು. ಮಕ್ಕಳು ಹೋ ಎಂದು ಕೂಗಿದರು. ‘ಮುಟ್ಟಿ ಕಾಣಿ ಮೇಡಂ, ಇನ್ನ್ ನೂರೈದ್ ವರ್ಷ ಸಿಕ್ಕುದಿಲ್ಲೆ’ ಎಂದರು ಗುಣಪಾಲ. ಕೈ ಚಾಚಿದೆ. ಚುಕ್ಕಿ ನನ್ನ ಬೆರಳಿನ ಮೇಲೆ ಬಿತ್ತು. ಭಾರವಿಲ್ಲ, ಬಿಸಿಯಿಲ್ಲ. ಹತ್ತು ದಿನದಿಂದ ಅವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡುತ್ತಿದ್ದೆ. ಅವನಿಗೆ ಕುಂದಾಪುರ ಯಾವುದು, ಬೈಂದೂರು ಯಾವುದು.

ಮತ್ತೆ ಮಳೆ ಬಂತು.

೧೦ ಜೂನ್, ಭಾನುವಾರ

ನಿನ್ನೆ ಬೊಜ್ಜ. ಹೋಗಿ ಊಟ ಮಾಡಿ ಬಂದೆ. ನಿಜ ಹೇಳಬೇಕೆಂದೇ ಹೋದದ್ದು. ಜನ ಇದ್ದರು.

ಜನ ಇದ್ದದ್ದು ಒಳ್ಳೆಯದಾಯಿತು ಎಂದುಕೊಂಡೆ ಎನ್ನುವುದನ್ನೂ ಬರೆದಿಡುತ್ತೇನೆ.

೨೪ ಜೂನ್, ಭಾನುವಾರ, ಬೈಂದೂರು

ಇವತ್ತು ಮಗುವನ್ನು ಕಳುಹಿಸುವ ದಿನ. ಗುಲಾಬಿಯಕ್ಕ, ನಿತೇಶ್ ಬೆಳಕು ಹರಿಯುವ ಮೊದಲೇ ಕುಂದಾಪುರಕ್ಕೆ ಬಾಡಿಗೆ ಓಮ್ನಿ ತಂದಿದ್ದರು. ರಾತ್ರಿ ಹೊಡೆದ ಮಳೆ ನಿಂತಿತ್ತು. ಪೂಜಿತಾಳೂ ನಿತೇಶನೂ ಒಳಗೆ ತೊಟ್ಟಿಲ ಬಟ್ಟೆ ಕಟ್ಟುತ್ತಿದ್ದರು. ಅಂಗಳದಲ್ಲಿ ನಾವಿಬ್ಬರೇ, ಮಗು ನನ್ನ ಕೈಯಲ್ಲಿ.

‘ಟೀಚ್ರೇ, ಶುಕ್ರ ಎಲ್ಲಿತ್ತ್, ಒಂದ್ಸಲ ಕಾಣಿ.’

ಪೂರ್ವದಲ್ಲಿ ಮೋಡ ಒಡೆದ ಕಡೆ ಇದ್ದ. ತೋರಿಸಿದೆ. ಈ ಸಲ ಅವರು ಮುಖ ತಿರುಗಿಸಲಿಲ್ಲ, ನೋಡಿದರು.

‘ಹಾಂಗಾರೆ ಎದುರಲ್ಲ.’

‘ಆಗ್ಳೂ ಎದುರಿರ್ಲಿಲ್ಲೆ ಗುಲಾಬಿಯಕ್ಕ.’

ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಬೇಕಾಯಿತು. ‘ಬಡಗಿಗೆ ಹೋಪು ದಾರಿಗೆ ಅವ ಯಾವತ್ತೂ ಎದುರಾತಿಲ್ಲೆ. ನಂಗೆ ಗೊತ್ತಿತ್ತ್. ಮಗಿನ್ ಬಿಟ್ಟಿಪ್ಪುಕೆ ಆಯ್ಲಿಲ್ಲೆ, ಅದಕ್ಕೆ ಹಾಂಗ್ ಹೇಳಿದೆ.’

ಅವರು ಮಗುವಿನ ಕಾಲಿನ ಮೇಲೆ ಸರಿದಿದ್ದ ಬಟ್ಟೆಯನ್ನು ಎಳೆದು ಸರಿ ಮಾಡಿದರು. ಎಷ್ಟೋ ಹೊತ್ತು ಅದನ್ನೇ ಮಾಡಿದರು.

‘ದಿನಾ ಹೊತ್ ಕಂತುವತಿಗೆ ಇವ್ರಿಗೆ ಕಿಟಕಿ ತೆಗ್ದ್ ತೋರ್ಸಿದ್ದ್ ನಾನೇ’ ಎಂದರು. ‘ಈಗ ಅವ್ರಿಗೆ ಎಂತ ಹೇಳುದ್ ನಾನ್?’

 ಒಳಗಿಂದ ಪೂಜಿತಾಳ ಹೆಜ್ಜೆ ಕೇಳಿಸಿತು.

‘ಈ ಮಾತ್ ಮಕ್ಳಿಗೆ ಬ್ಯಾಡ’ ಎಂದರು ಮೆಲ್ಲಗೆ. ಓಮ್ನಿಯ ಬಾಗಿಲು ಎಳೆದರು. ‘ಹತ್ತಿ. ಮಗಿನ್ ಹಿಡ್ಕಂಡ್ ನೀವೇ ಬನ್ನಿ. ನೀವೇ ಹೇಳಿ ಅವ್ರಿಗೆ.’

 ಇಲ್ಲಿಗೆ ಬಂದು ತೊಟ್ಟಿಲಿಗೆ ಹಾಕುವ ಶಾಸ್ತ್ರ ಮುಗಿಯಿತು. ಅನ್ವಿತಾ ಎಂದು ಹೆಸರಾಯಿತು. ಊಟವಾದ ಮೇಲೆ ಗುಲಾಬಿಯಕ್ಕ ನನ್ನನ್ನು ಆ ಕೋಣೆಗೆ ಕರೆದರು. ಮಂಚ ಹಾಗೇ ಇದೆ. ಪಡುವಣದ ಕಿಟಕಿ ತೆರೆದು, ಮಗುವನ್ನು ನನ್ನ ಮಡಿಲಲ್ಲಿಟ್ಟರು.

‘ಹೊತ್ ಕಂತು ತನಕ ಕೂಕಣಿ’ ಎಂದರು. ‘ಅವ್ರ್ ಕಾದ್ ಹಾಂಗೆ.’ ಬಾಗಿಲು ಮುಂದೆ ಮಾಡಿ ಹೋದರು.

ಕೂತೆ. ಮಗು ನಿದ್ದೆ ಮಾಡಿತು, ಎದ್ದು ಅತ್ತಿತು, ಪೂಜಿತಾ ಬಂದು ಹಾಲು ಕೊಟ್ಟು ಹೋದಳು, ಮತ್ತೆ ನಿದ್ದೆ ಹೋಯಿತು. ಕಿಟಕಿಯ ಸರಳಿಗೆ ಎಣ್ಣೆಜಿಡ್ಡು ಹಿಡಿದ ಒಂದು ಜಾಗವಿದೆ. ಅವರು ಅಲ್ಲಿ ಕೈ ಹಿಡಿದುಕೊಂಡು ತಲೆ ಎತ್ತುತ್ತಿದ್ದಿರಬೇಕು. ನಾನೂ ಅಲ್ಲೇ ಹಿಡಿದೆ. ಸಮುದ್ರ, ಮೋಡ, ಸಮುದ್ರ. ಹೇಳಬೇಕಾದದ್ದನ್ನು ಹೇಳಿದೆ. ದೊಡ್ಡದಾಗಿಯೇ, ಅವರಿಗೆ ಸ್ವಲ್ಪ ಕಿವಿ ಮಂದ ಎಂದು ನಿತೇಶ್ ಹೇಳಿದ್ದ. ಆಮೇಲೆ ಮಗುವನ್ನು ಮಂಚದ ಮೇಲೆ, ದಿಂಬಿನ ಹತ್ತಿರ ಸ್ವಲ್ಪ ಹೊತ್ತು ಮಲಗಿಸಿ, ಮತ್ತೆ ಎತ್ತಿಕೊಂಡೆ.

ಪಡುವಣ ಕಪ್ಪಾಯಿತು. ಅಲ್ಲಿ ಯಾರೂ ಮೂಡಲಿಲ್ಲ.

ಗುಲಾಬಿಯಕ್ಕ ಬಂದರು. ನನ್ನ ಮುಖ ನೋಡಲಿಲ್ಲ. ಕಿಟಕಿ ಹಾಕಿ ಚಿಲಕ ಏರಿಸಿದರು.

‘ಸಾಕ್’ ಎಂದರು. ‘ಗಾಳಿ ಬತ್ತಾ ಇತ್ತ್, ಮಗಿಗೆ ಥಂಡಿ ಆತ್ತ್.’

ಮತ್ತೆ ಬಗ್ಗಿ, ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡರು.